ಹದಿಮೂರು ಗಂಟೆ ಲ್ಯಾಬ್‌ನಲ್ಲೇ ಇರುತ್ತೇನೆ, ಆದರೂ ಏನೂ ಆಗುತ್ತಿಲ್ಲ

ಪ್ರಶ್ನೆ: ನನಗೆ 28 ವರ್ಷ, ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬ್‌ಗೆ ಹೋದರೆ ಹೊರಬರುವುದು ರಾತ್ರಿ ಹತ್ತಕ್ಕೆ. ಆದರೂ ತೋರಿಸಲು ಏನೂ ಇಲ್ಲ. ಐದು ತಿಂಗಳಿಂದ ಒಂದೇ ಪ್ರಯೋಗ ಕೈಕೊಡುತ್ತಿದೆ. ಗೈಡ್ ಜೊತೆ ಮಾತಾಡಿ ಆರು ವಾರವಾಯಿತು. ಈಗ ಅವರ ಕೋಣೆಯ ಮುಂದೆ ಹಾಯುವುದನ್ನೇ ತಪ್ಪಿಸಿ ಹಿಂದಿನ ಮೆಟ್ಟಿಲಿನಿಂದ ಓಡಾಡುತ್ತೇನೆ. ನನ್ನ ಜೊತೆಗೇ ಸೇರಿದವಳ ಎರಡು ಪೇಪರ್ ಬಂದಿವೆ. ರಾತ್ರಿ ಎರಡರವರೆಗೆ ನಿದ್ದೆ ಹತ್ತುವುದಿಲ್ಲ, ಏಳಕ್ಕೆ ಎಚ್ಚರವಾಗಿಬಿಡುತ್ತದೆ. ಒಂದು ತಿಂಗಳಿಂದ ಇಷ್ಟದ ಹಾಡು ಕೇಳಿದರೂ ಏನೂ ಅನ್ನಿಸುವುದಿಲ್ಲ, ಬೆಳಿಗ್ಗೆ ಸುಮ್ಮಸುಮ್ಮನೆ ಅಳು ಬರುತ್ತದೆ. ಧ್ಯಾನದ ಆ್ಯಪ್ ಹಾಕಿಕೊಂಡೆ. ಹತ್ತು ನಿಮಿಷ ಕೂರಲೂ ಆಗಲಿಲ್ಲ, ಅದರಲ್ಲೂ ಫೇಲ್ ಆದೆ ಅನ್ನಿಸಿತು. ಇದು ಸೋಮಾರಿತನವೋ, ಕಾಯಿಲೆಯೋ? ಪಿಎಚ್‌ಡಿ ಬಿಟ್ಟುಬಿಡಲೇ?

ಉತ್ತರ: ದಿನಕ್ಕೆ ಹದಿಮೂರು ಗಂಟೆ ಲ್ಯಾಬ್‌ನಲ್ಲಿ ಕೂರುವವರನ್ನು ಸೋಮಾರಿ ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ಆ ಮಾತನ್ನು ಪಕ್ಕಕ್ಕಿಡೋಣ. ನಿಮ್ಮ ಪತ್ರದಲ್ಲಿ ಎರಡು ಬೇರೆಬೇರೆ ಸಂಗತಿಗಳು ಹೆಣೆದುಕೊಂಡಿವೆ. ಒಂದು, ನಿಮ್ಮ ಕೆಲಸ ನಡೆಯುತ್ತಿರುವ ರೀತಿ: ಶುರು ಇದೆ, ಮುಗಿತಾಯವಿಲ್ಲ, ಗೈಡ್ ಇದ್ದಾರೆ, ಮಾತಿಲ್ಲ. ಇನ್ನೊಂದು, ಒಂದು ತಿಂಗಳಿಂದ ಕಾಣಿಸಿಕೊಂಡಿರುವ ಅಳು, ನಿದ್ದೆಗೇಡು, ಯಾವುದರಲ್ಲೂ ರುಚಿಯಿಲ್ಲದ ಸ್ಥಿತಿ. ಮೊದಲನೆಯದು ಎರಡನೆಯದನ್ನು ತಂದಿರಬಹುದು. ಆದರೆ ಮೊದಲು ಕೈ ಹಾಕಬೇಕಾದ್ದು ಎರಡನೆಯದಕ್ಕೆ.

ವೈದ್ಯರು ಖಿನ್ನತೆಯ ಅಂದಾಜು ಹಿಡಿಯಲು ಬಳಸುವ ಒಂದು ಪ್ರಶ್ನಾವಳಿಯಿದೆ, ಪಿಎಚ್‌ಕ್ಯೂ-9 ಎಂದು ಹೆಸರು. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರಗಳಲ್ಲಿ ಹೀಗೆ ಎಷ್ಟು ದಿನ ಅನ್ನಿಸಿತು ಎಂದು ಕೇಳುತ್ತದೆ. ಪ್ರತಿ ಉತ್ತರಕ್ಕೆ 0ಯಿಂದ 3, ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರ ಮುಂದೆ ಕೂರುವ ಸಮಯ ಬಂದಿದೆ ಎಂದು ಅರ್ಥ. ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಅದರ ಮೊದಲ ಪ್ರಶ್ನೆ. ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ ಎಲ್ಲವೂ ಅದರಲ್ಲಿವೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆರನೆಯ ಪ್ರಶ್ನೆಯ ಕಡೆಗೆ: ನಿಮ್ಮ ಬಗ್ಗೆಯೇ ನಿಮಗೆ ಬೇಸರವೇ, ನಾನು ಸೋತವಳು, ಮನೆಯವರ ನಂಬಿಕೆ ಹುಸಿ ಮಾಡಿದವಳು ಅನ್ನಿಸುತ್ತದೆಯೇ ಎಂದು ಅದು ಕೇಳುತ್ತದೆ. ನೀವು ನಿಮ್ಮ ಯೋಗ್ಯತೆಯ ಬಗ್ಗೆ ಕೊಟ್ಟುಕೊಂಡಿರುವ ತೀರ್ಪು, ಆ ಹಾಳೆಯಲ್ಲಿ ಒಂದು ಲಕ್ಷಣ ಅಷ್ಟೇ. ನಿದ್ದೆ ಬಾರದಿರುವುದು, ಊಟ ಸೇರದಿರುವುದು ಹೇಗೋ ಹಾಗೆ.

ಪ್ರಶ್ನಾವಳಿಯನ್ನು ನೀವೇ ತುಂಬಿ ನೀವೇ ಷರಾ ಬರೆದುಕೊಳ್ಳಬೇಡಿ. ಅದು ರೋಗ ನಿರ್ಣಯ ಮಾಡುವುದಿಲ್ಲ, ಬಾಗಿಲು ತೋರಿಸುತ್ತದೆ. ಈ ವಾರವೇ ಒಬ್ಬ ವೈದ್ಯರನ್ನು ಕಾಣಿ. ಮನೋವೈದ್ಯರೇ ಸಿಕ್ಕರೆ ಸರಿ, ಇಲ್ಲವಾದರೆ ಸಾಮಾನ್ಯ ವೈದ್ಯರಿಂದಲೇ ಶುರುವಾಗಲಿ. ಅವರು ರಕ್ತ ಪರೀಕ್ಷೆಗೆ ಬರೆಯಬಹುದು: ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆ ಇವು ಮೂರೂ ಖಿನ್ನತೆಯ ವೇಷ ಹಾಕಿಕೊಂಡು ಬರುವುದುಂಟು. ಖಿನ್ನತೆಯೇ ಎಂದಾದರೆ ಮಾತಿನ ಚಿಕಿತ್ಸೆ, ಅಗತ್ಯವಿದ್ದರೆ ಔಷಧಿ. ಔಷಧಿ ಕೊಟ್ಟರೆ ಒಂದು ಮಾತು ನೆನಪಿರಲಿ: ಇಂದು ನುಂಗಿದರೆ ನಾಳೆ ಗುಣ ಕಾಣುವ ಮಾತ್ರೆಗಳಲ್ಲ ಅವು. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಗೊತ್ತಾಗಲು ಅದಕ್ಕೂ ಹೆಚ್ಚು ಸಮಯ ಬೇಕು. ಅರ್ಧದಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ವಿಶ್ವವಿದ್ಯಾಲಯದಲ್ಲೇ ಆಪ್ತಸಮಾಲೋಚಕರಿದ್ದು, 'ಗೈಡ್‌ಗೆ ಗೊತ್ತಾದರೆ?' ಎಂಬ ಅಳುಕಿದ್ದರೆ, ಮೊದಲ ಭೇಟಿಯ ಮೊದಲ ಪ್ರಶ್ನೆ ಅದೇ ಆಗಲಿ: ನಾನು ಹೇಳಿದ್ದು ಈ ಕೋಣೆಯಿಂದ ಆಚೆ ಯಾವ ಸಂದರ್ಭದಲ್ಲಿ, ಯಾರಿಗೆ ಹೋಗುತ್ತದೆ? ಒಳ್ಳೆಯ ಸಮಾಲೋಚಕರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ನೇರ ಉತ್ತರ ಕೊಡುತ್ತಾರೆ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. 'ನಾನಿಲ್ಲದಿದ್ದರೇ ಒಳ್ಳೆಯದಿತ್ತು' ಎಂಬ ಯೋಚನೆ ಬರುತ್ತಿದೆಯೇ? ಬರುತ್ತಿದ್ದರೆ ಈ ಪುಟ ಇಲ್ಲಿಗೇ ನಿಲ್ಲಿಸಿ. ಇವತ್ತೇ ನಂಬಿಕೆಯ ಒಬ್ಬರಿಗೆ ಇದನ್ನು ಇದ್ದ ಹಾಗೆ ಹೇಳಿ, ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಈ ರಾತ್ರಿ ಒಬ್ಬರೇ ಇರಬೇಡಿ. ಉಳಿದದ್ದೆಲ್ಲ ಆಮೇಲೆ.

ಇನ್ನು ಕೆಲಸದ ಮಾತು. ನಿಮ್ಮೊಬ್ಬರದೇ ಸಮಸ್ಯೆ ಇದು ಎಂದುಕೊಂಡಿದ್ದರೆ, ಅಲ್ಲ. 2018ರಲ್ಲಿ 'ನೇಚರ್ ಬಯೋಟೆಕ್ನಾಲಜಿ' ಪತ್ರಿಕೆಯಲ್ಲಿ ಬಂದ ಸಮೀಕ್ಷೆಯೊಂದು 26 ದೇಶಗಳ 2,279 ಮಂದಿಯನ್ನು ಮಾತಾಡಿಸಿತ್ತು, ಬಹುಪಾಲು ಪಿಎಚ್‌ಡಿ ವಿದ್ಯಾರ್ಥಿಗಳು. ಮಧ್ಯಮದಿಂದ ತೀವ್ರ ಮಟ್ಟದ ಆತಂಕ ಶೇ. 41ರಷ್ಟು ಜನರಲ್ಲಿ, ಖಿನ್ನತೆ ಶೇ. 39ರಷ್ಟು ಜನರಲ್ಲಿ ಕಂಡಿತು. ಈ ಅಂಕಿಗಳನ್ನು ಎಲ್ಲರೂ ಎತ್ತಿ ಆಡುತ್ತಾರೆ; ಆದರೆ ಅದು ಇಷ್ಟಪಟ್ಟವರು ಉತ್ತರಿಸಿದ ಸಮೀಕ್ಷೆ, ನೋವಿರುವವರೇ ಹೆಚ್ಚಾಗಿ ಉತ್ತರಿಸಿರುವ ಸಾಧ್ಯತೆಯಿದೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬರುವುದು 2017ರ ಬೆಲ್ಜಿಯಂ ಅಧ್ಯಯನ. ಅಲ್ಲಿನ ಫ್ಲಾಂಡರ್ಸ್ ಪ್ರಾಂತ್ಯದ 3,659 ಪಿಎಚ್‌ಡಿ ವಿದ್ಯಾರ್ಥಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ ಮಾನಸಿಕ ಕಾಯಿಲೆಯ ಅಪಾಯದ ಗೆರೆಯೊಳಗಿದ್ದರು; ಅಷ್ಟೇ ಓದಿದ ಇತರರಿಗೆ ಹೋಲಿಸಿದರೆ ಇದು ಹೆಚ್ಚು. ಈ ಅಪಾಯ ಯಾವುದರ ಜೊತೆ ತಳುಕು ಹಾಕಿಕೊಂಡಿದೆ ಎಂದೂ ಅವರು ನೋಡಿದರು. ಕೆಲಸದ ಒತ್ತಡ, ಆ ಕೆಲಸದ ಮೇಲೆ ವಿದ್ಯಾರ್ಥಿಗಿರುವ ಹಿಡಿತ, ಗೈಡ್ ನಡೆಸಿಕೊಳ್ಳುವ ರೀತಿ, ತಂಡದಲ್ಲಿ ತೀರ್ಮಾನಗಳಾಗುವ ಬಗೆ, ಮನೆಗೂ ಕೆಲಸಕ್ಕೂ ನಡುವಿನ ಜಗ್ಗಾಟ. ನೋಡಿ, ಇದರಲ್ಲಿ ಧ್ಯಾನದ ಆ್ಯಪ್ ಎಲ್ಲೂ ಬರಲಿಲ್ಲ.

ಧ್ಯಾನವನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಹಿಡಿಸಿದವರಿಗೆ ಅದು ಒಳ್ಳೆಯದೇ. ಆದರೆ ಸಂಶೋಧನಾ ವಿದ್ಯಾರ್ಥಿಗಳಿಗೆ ಸಿಗುವ 'ಕ್ಷೇಮ'ದ ಸಲಹೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ: ಈಗಾಗಲೇ ಉದ್ದವಿರುವ ಪಟ್ಟಿಗೆ ಇನ್ನೂ ನಾಲ್ಕು ಕೆಲಸ ಸೇರಿಸು ಎನ್ನುತ್ತವೆ. ವ್ಯಾಯಾಮ ಮಾಡು, ಡೈರಿ ಬರೆ, ಕೃತಜ್ಞತೆ ಪಡು, ಉಸಿರು ಗಮನಿಸು. ಮೂಗಿಗಿಂತ ಮೂಗುತಿ ಭಾರ ಎಂಬ ಹಾಗೆ. ನಿಮ್ಮ ಆ್ಯಪ್ ಈಗ ನಿಮಗೆ ಕೊಡುತ್ತಿರುವುದು ಇನ್ನೊಂದು ಸೋಲಿನ ಲೆಕ್ಕವನ್ನು ಮಾತ್ರ. ತೆಗೆದುಹಾಕಿ. ನಿಮಗೆ ಬೇಕಿರುವುದು ಹೊಸ ಕೆಲಸವಲ್ಲ, ಇರುವ ಕೆಲಸಕ್ಕೆ ಒಂದು ಅಂಚು.

ಯಾಕೆ ಹೀಗೆನ್ನುತ್ತೇನೆ ಎಂದರೆ, ಪಿಎಚ್‌ಡಿಗೆ ಬರುವವರು ಸಾಮಾನ್ಯವಾಗಿ ಹದಿನೇಳು ಹದಿನೆಂಟು ವರ್ಷ ಪರೀಕ್ಷೆಗಳ ಲೋಕದಲ್ಲಿ ಗೆದ್ದುಬಂದವರು. ಅಲ್ಲಿ ಸಿಲಬಸ್ ಇತ್ತು, ದಿನಾಂಕವಿತ್ತು, ಅಂಕವಿತ್ತು. ಓದಿದರೆ ಬಂತು. ಸಂಶೋಧನೆಯಲ್ಲಿ ಇವು ಮೂರೂ ಇಲ್ಲ. ಇಷ್ಟು ಮಾಡಿದರೆ ಇವತ್ತಿಗೆ ಸಾಕು ಎಂದು ಹೇಳುವವರು ಯಾರೂ ಇಲ್ಲದಿರುವುದರಿಂದ, ಯಾವತ್ತೂ ಸಾಕಾಗುವುದಿಲ್ಲ. ಆಗ ಮನಸ್ಸು ಸಿಕ್ಕಿದ ಒಂದೇ ಅಳತೆಗೋಲಿಗೆ ಜೋತುಬೀಳುತ್ತದೆ: ಎಷ್ಟು ಹೊತ್ತು ಕೂತಿದ್ದೆ? ಒಂಬತ್ತರಿಂದ ಹತ್ತು ಎಂಬುದು ಕೆಲಸದ ಸಮಯವಲ್ಲ, ತಪ್ಪಿತಸ್ಥ ಭಾವಕ್ಕೆ ಕಟ್ಟುವ ಕಂದಾಯ.

ಒಂದು ವಾರ ಹೀಗೆ ಮಾಡಿ ನೋಡಿ. ಲ್ಯಾಬ್‌ನಲ್ಲಿರುವಾಗ ಅರ್ಧ ಗಂಟೆಗೊಮ್ಮೆ ಒಂದು ಚೀಟಿಯಲ್ಲಿ ಗುರುತು ಹಾಕಿ: ತಲೆ ಕೊಟ್ಟು ಮಾಡಿದ ಕೆಲಸವೋ, ಯಂತ್ರ ಮುಗಿಯಲಿ ಎಂದು ಕಾದದ್ದೋ, ಸುಮ್ಮನೆ ಸ್ಕ್ರೀನ್ ನೋಡಿದ್ದೋ. ಯಾರಿಗೂ ತೋರಿಸಲು ಅಲ್ಲ. ನನ್ನ ಎದುರು ಬಂದು ಕೂರುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಚೀಟಿಯಲ್ಲಿ ಮೊದಲ ಬಗೆಯದು ನಾಲ್ಕೈದು ಗಂಟೆ ದಾಟುವುದಿಲ್ಲ, ಅವರು ಹತ್ತು ಗಂಟೆ ಕೂತಿರಲಿ, ಹದಿನಾಲ್ಕು ಗಂಟೆ ಕೂತಿರಲಿ. ಇದನ್ನು ನೋಡಿ ಕೆಲವರಿಗೆ ಗಾಬರಿಯಾಗುತ್ತದೆ. ಗಾಬರಿ ಬೇಡ. ಹೊಸದನ್ನು ಯೋಚಿಸುವ ಕೆಲಸ ದಿನಕ್ಕೆ ನಡೆಯುವುದೇ ಅಷ್ಟು. ಉಳಿದ ಗಂಟೆಗಳು ನಿಮ್ಮ ಸಂಜೆಯಿಂದ, ನಿದ್ದೆಯಿಂದ, ಗೆಳೆಯರಿಂದ ಕಿತ್ತು ತಂದವು. ಪ್ರಯೋಗಕ್ಕೆ ಅವುಗಳಿಂದ ಏನೂ ಸಿಕ್ಕಿಲ್ಲ.

ಆದ್ದರಿಂದ ಬೆಳಿಗ್ಗೆಯೇ ಆ ದಿನದ 'ಸಾಕು' ಎಲ್ಲಿ ಎಂದು ಬರೆದಿಡಿ. 'ಎರಡನೇ ಅಧ್ಯಾಯ ಬರೆಯುವುದು' ಎಂದು ಬರೆದರೆ ಅದು ಗುರಿಯಲ್ಲ, ಶಾಪ. 'ಮೂರನೇ ಚಿತ್ರದ ವಿವರಣೆ, ವಿಧಾನದ ಭಾಗದ ಎರಡು ಪ್ಯಾರಾ' ಎಂದು ಬರೆದರೆ ಸಂಜೆ ನಾಲ್ಕಕ್ಕೆ ಮುಗಿದಿದೆಯೋ ಇಲ್ಲವೋ ಎಂದು ಕಣ್ಣಿಗೆ ಕಾಣುತ್ತದೆ. ಮುಗಿದರೆ ಎದ್ದು ಹೋಗಿ. ಮೊದಲ ಕೆಲವು ದಿನ ಬ್ಯಾಗ್ ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಹೊರಡುವುದು ಕಳ್ಳತನ ಮಾಡಿದಷ್ಟು ಕಷ್ಟವಾಗುತ್ತದೆ, ಎರಡನೇ ವಾರದ ಹೊತ್ತಿಗೆ ಕಡಿಮೆಯಾಗುತ್ತದೆ.

ಎಷ್ಟು ದಿನ ಬೇಕು ಎಂಬ ಅಂದಾಜಿನಲ್ಲಿ ಎಲ್ಲರೂ ಎಡವುತ್ತಾರೆ, ಬುದ್ಧಿವಂತರೂ. 1994ರ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನು, ನಿಮ್ಮ ಪ್ರಬಂಧ ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ಕೇಳಿದರು. ಸರಾಸರಿ 33.9 ದಿನ ಎಂದರು. ಎಲ್ಲವೂ ಕೆಟ್ಟರೆ? 48.6 ದಿನ ಎಂದರು. ನಿಜವಾಗಿ ಹಿಡಿದದ್ದು 55.5 ದಿನ. ಅಂದರೆ ಅವರ ಅತ್ಯಂತ ನಿರಾಶೆಯ ಅಂದಾಜೂ ಸಾಲಲಿಲ್ಲ. ನೀವು 'ಹಿಂದೆ ಬಿದ್ದಿದ್ದೇನೆ' ಎನ್ನುವಾಗ ಯಾವ ವೇಳಾಪಟ್ಟಿಗಿಂತ ಹಿಂದೆ ಎಂದು ಒಮ್ಮೆ ಕೇಳಿಕೊಳ್ಳಿ. ಅದನ್ನು ಮೊದಲ ವರ್ಷದಲ್ಲಿ, ಏನೂ ಗೊತ್ತಿಲ್ಲದಿದ್ದಾಗ, ನೀವೇ ಹಾಕಿದ್ದಲ್ಲವೇ? ಮುಂದಿನ ಆರು ತಿಂಗಳ ಅಂದಾಜನ್ನು ಕಳೆದ ಆರು ತಿಂಗಳಲ್ಲಿ ನಿಜಕ್ಕೂ ಆದದ್ದನ್ನು ನೋಡಿ ಹಾಕಿ; ಆಸೆಯನ್ನು ನೋಡಿ ಹಾಕಬೇಡಿ.

ಹೊರಡುವ ಮುನ್ನ ಐದು ನಿಮಿಷ, ನೋಟ್‌ಬುಕ್‌ನಲ್ಲಿ ಮೂರು ಸಾಲು. ನಿಮ್ಮ ಪ್ರಯೋಗ ಯಾವುದು ಎಂದು ನೀವು ಬರೆದಿಲ್ಲ, ಹಾಗಾಗಿ ಉದಾಹರಣೆಗೆ ಒಂದನ್ನು ಊಹಿಸಿಕೊಳ್ಳುತ್ತೇನೆ (ಕಂಟ್ರೋಲ್ ಎಂದರೆ ಹೋಲಿಕೆಗಾಗಿ ಮಾಡುವ ಪ್ರಯೋಗ, ಬೇಸ್‌ಲೈನ್ ಎಂದರೆ ಯಂತ್ರದ ಗ್ರಾಫಿನ ತಳಗೆರೆ, ಬಫರ್ ಎಂದರೆ ಪ್ರಯೋಗಕ್ಕೆ ಬಳಸುವ ದ್ರಾವಣ, ಬ್ಲ್ಯಾಂಕ್ ರನ್ ಎಂದರೆ ಸ್ಯಾಂಪಲ್ ಇಲ್ಲದೆ ಯಂತ್ರ ಓಡಿಸುವುದು):

ಇವತ್ತು: ಮೂರನೇ ಸ್ಯಾಂಪಲ್‌ನ ಕಂಟ್ರೋಲ್ ಆಯಿತು, ಡೇಟಾ ಇನ್ನೂ ತೆರೆದು ನೋಡಿಲ್ಲ.
ಸಿಕ್ಕಿಕೊಂಡದ್ದು: ಬೇಸ್‌ಲೈನ್ ನಿಲ್ಲುತ್ತಿಲ್ಲ, ಹಳೆಯ ಬಫರ್ ಕಾರಣವಿರಬಹುದು.
ನಾಳೆ ಮೊದಲು: ಹೊಸ ಬಫರ್ ಮಾಡಿ ಒಂದು ಬ್ಲ್ಯಾಂಕ್ ರನ್ ಹಾಕುವುದು.

ಮೂರನೇ ಸಾಲು ಎಲ್ಲಕ್ಕಿಂತ ಮುಖ್ಯ. ಮುಗಿಯದ ಕೆಲಸ ರಾತ್ರಿ ತಲೆಯೊಳಗೆ ಸುತ್ತುವುದು ಅದಕ್ಕೊಂದು ಜಾಗ ಸಿಗದಿದ್ದಾಗ. 2018ರಲ್ಲಿ 57 ಮಂದಿ ಯುವಜನರನ್ನು ನಿದ್ರಾ ಪ್ರಯೋಗಾಲಯದಲ್ಲಿ ಮಲಗಿಸಿ ನಡೆಸಿದ ಒಂದು ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ 'ಮುಂದೆ ಮಾಡಬೇಕಾದ ಕೆಲಸ'ಗಳನ್ನು ಬರೆದವರಿಗೆ, 'ಮಾಡಿ ಮುಗಿಸಿದ ಕೆಲಸ'ಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಬಿಡಿಬಿಡಿಯಾಗಿ, ನಿರ್ದಿಷ್ಟವಾಗಿ ಬರೆದವರಿಗೆ ಇನ್ನೂ ಬೇಗ. ಸಣ್ಣ ಪ್ರಯೋಗ, ದೊಡ್ಡ ಭರವಸೆ ಇಡಬೇಡಿ. ಆದರೆ ಖರ್ಚು ಐದೇ ನಿಮಿಷ, ಮರುದಿನ ಬೆಳಿಗ್ಗೆ ಎಲ್ಲಿಂದ ಶುರು ಮಾಡಲಿ ಎಂಬ ತಡಕಾಟವೂ ತಪ್ಪುತ್ತದೆ.

ಭಾನುವಾರದ ಬಗ್ಗೆ ಒಂದು ಮಾತು. ಕೋಶಗಳನ್ನು ಬೆಳೆಸುವವರಿಗೆ, ಪ್ರಾಣಿಗಳ ಮೇಲೆ ಅಧ್ಯಯನ ಮಾಡುವವರಿಗೆ 'ಭಾನುವಾರ ರಜೆ ಹಾಕಿ' ಎಂದು ಸಲಹೆ ಕೊಡುವುದು ಸುಲಭ. ಕೋಶಗಳಿಗೆ ಭಾನುವಾರ ಗೊತ್ತಿಲ್ಲ. ಸಹಪಾಠಿಯೊಬ್ಬರ ಜೊತೆ ಪಾಳಿ ಹಾಕಿಕೊಳ್ಳಿ: ಈ ವಾರ ಅವರದನ್ನು ನೀವು ನೋಡಿ, ಮುಂದಿನ ವಾರ ನಿಮ್ಮದನ್ನು ಅವರು ನೋಡಲಿ. ವಾರದಲ್ಲಿ ಒಂದು ದಿನ ಪೂರ್ತಿ ನಿಮ್ಮದಾಗಿರಲಿ, ಅದು ಭಾನುವಾರವೇ ಆಗಬೇಕಿಲ್ಲ, ಯಾವ ದಿನವಾದರೂ ಆಗಬಹುದು.

ನಿದ್ದೆ. ನೀವು ಈಗ ಮಲಗುತ್ತಿರುವುದು ಐದು ಗಂಟೆ. ವಯಸ್ಕರಿಗೆ ಕನಿಷ್ಠ ಏಳು ಬೇಕು. 'ನನಗೆ ಅಭ್ಯಾಸವಾಗಿದೆ' ಎನ್ನುವವರಿಗೆ 2003ರ ಒಂದು ಪ್ರಯೋಗವನ್ನು ಹೇಳುತ್ತಿರುತ್ತೇನೆ. 48 ಆರೋಗ್ಯವಂತರಲ್ಲಿ ಒಂದು ಗುಂಪಿಗೆ ಹದಿನಾಲ್ಕು ದಿನ ರಾತ್ರಿ ಆರು ಗಂಟೆಯಷ್ಟೇ ಮಲಗಲು ಬಿಟ್ಟರು, ಇನ್ನೊಂದಕ್ಕೆ ನಾಲ್ಕೇ ಗಂಟೆ. ಎರಡು ವಾರ ಮುಗಿಯುವ ಹೊತ್ತಿಗೆ ಅವರ ಗಮನಶಕ್ತಿ ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ಕುಸಿದದ್ದು ಅವರಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ ಎಂಬುದು ನಿಜವಾದ ಅಪಾಯ. ಐದು ತಿಂಗಳಿಂದ ಕೈಕೊಡುತ್ತಿರುವ ಪ್ರಯೋಗದಲ್ಲಿ ಎಷ್ಟು ಪಾಲು ರಸಾಯನದ್ದು, ಎಷ್ಟು ಪಾಲು ನಿದ್ದೆಗೆಟ್ಟ ಕೈಯದ್ದು ಎಂದು ಹೇಳುವುದು ಕಷ್ಟ.

ಬೇಗ ಮಲಗಿ ಎಂದು ಹೇಳುವುದಿಲ್ಲ. ನಿದ್ದೆ ಬಾರದೆ ಹಾಸಿಗೆಯಲ್ಲಿ ಹೊರಳಾಡಿದಷ್ಟೂ ಹಾಸಿಗೆ ಎಂದರೆ ಎಚ್ಚರ ಎಂದು ಮೈ ಕಲಿತುಬಿಡುತ್ತದೆ. ಬದಲಿಗೆ ಏಳುವ ಸಮಯವನ್ನು ಗಟ್ಟಿಯಾಗಿ ಹಿಡಿಯಿರಿ, ರಜೆಯ ದಿನವೂ ಅದೇ. ಇಪ್ಪತ್ತು ನಿಮಿಷದಷ್ಟು ಹೊತ್ತು ಕಣ್ಣು ಹತ್ತಲಿಲ್ಲ ಅನ್ನಿಸಿದರೆ (ಗಡಿಯಾರ ನೋಡಬೇಡಿ, ಅಂದಾಜು ಸಾಕು) ಎದ್ದು ಮಂದ ಬೆಳಕಿನಲ್ಲಿ ಏನಾದರೂ ನೀರಸವಾದದ್ದನ್ನು ಓದಿ, ತೂಕಡಿಕೆ ಬಂದ ಮೇಲೆ ಮಲಗಿ. ಕಾಫಿಯನ್ನು ಮಧ್ಯಾಹ್ನಕ್ಕೆ ನಿಲ್ಲಿಸಿ. ಕೆಫೀನ್‌ನ ಅರ್ಧದಷ್ಟು ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಲಗುವ ಆರು ಗಂಟೆ ಮುಂಚೆ ದೊಡ್ಡ ಪ್ರಮಾಣದಲ್ಲಿ, 400 ಮಿಲಿಗ್ರಾಂ, ತೆಗೆದುಕೊಂಡರೂ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾದದ್ದನ್ನು ಅಳೆದು ನೋಡಿದ್ದಾರೆ. ಇಷ್ಟಾದರೂ ಸರಿಹೋಗದಿದ್ದರೆ ನಿದ್ದೆಗೆಂದೇ ರೂಪಿಸಿದ ಅರಿವು–ವರ್ತನೆ ಚಿಕಿತ್ಸೆಯಿದೆ (ಸಿಬಿಟಿ-ಐ), ನಿದ್ದೆಯ ಬಗೆಗಿನ ಯೋಚನೆ, ರೂಢಿಗಳನ್ನು ತಿದ್ದುವಂಥದ್ದು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಅದನ್ನು ಕೊಡಬೇಕು ಎಂಬುದು ಈಗಿನ ವೈದ್ಯಕೀಯ ಮಾರ್ಗಸೂಚಿ. ಕಾಣುವ ವೈದ್ಯರನ್ನು ಕೇಳಿ.

ವ್ಯಾಯಾಮದ ಬಗ್ಗೆ ಉದ್ದ ಭಾಷಣ ಬೇಡ. ವಾರಕ್ಕೆ 150ರಿಂದ 300 ನಿಮಿಷ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀವು ಸದ್ಯಕ್ಕೆ ಯಂತ್ರ ಓಡುವಾಗ ಅದರ ಮುಂದೆ ಕೂರುವ ಬದಲು ಕಟ್ಟಡದ ಹೊರಗೆ ಹಗಲು ಬೆಳಕಿನಲ್ಲಿ ನಡೆದಾಡಿದರೆ ಸಾಕು, ಸಾಧ್ಯವಾದರೆ ಯಾರದಾದರೂ ಜೊತೆ.

ಈಗ ಹಿಂದಿನ ಮೆಟ್ಟಿಲು. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದ ಸಾಲು ಅಳುವಿನ ನಂತರ ಇದೇ.

ಅದು ಹೇಗೆ ಕೆಲಸ ಮಾಡುತ್ತದೆ ನೋಡಿ. ಗೈಡ್ ಕೋಣೆಯ ಕಡೆ ಕಾಲು ಹೋಗುತ್ತಿದ್ದಂತೆ ಎದೆ ಹೊಡೆದುಕೊಳ್ಳುತ್ತದೆ. ಹಿಂದಿನ ಮೆಟ್ಟಿಲು ಇಳಿದ ತಕ್ಷಣ ನಿರಾಳ. ಆ ನಿರಾಳವೇ ಬಲೆ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಮನಸ್ಸಿಗೆ 'ಅಲ್ಲಿ ಅಪಾಯವಿತ್ತು, ಪಾರಾದೆ' ಎಂಬ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ. ಜೊತೆಗೆ, ಒಂದು ವಾರ ತಡವಾದಾಗ ತೋರಿಸಲು ಒಂದು ವಾರದ ಕೆಲಸ ಬೇಕಿತ್ತು. ಆರು ವಾರವಾದ ಮೇಲೆ ಆರು ವಾರದ ಕೆಲಸ ಬೇಕು ಅನ್ನಿಸುತ್ತದೆ. ಹೀಗೆ ಹೊಸ್ತಿಲು ದಿನದಿನಕ್ಕೆ ಎತ್ತರವಾಗುತ್ತದೆ. ಒಳ್ಳೆಯ ಫಲಿತಾಂಶ ಸಿಕ್ಕಿದ ಮೇಲೆ ಹೋಗುತ್ತೇನೆ ಎಂದು ಕಾಯುತ್ತೀರಿ. ಆದರೆ ಪ್ರಯೋಗ ಸಿಕ್ಕಿಕೊಂಡಿರುವುದಕ್ಕೇ ಅಲ್ಲವೇ ಗೈಡ್ ಬೇಕಿರುವುದು? ಸಿಕ್ಕಿಕೊಂಡದ್ದನ್ನು ಹೊತ್ತುಕೊಂಡು ಹೋಗುವುದು ವಿದ್ಯಾರ್ಥಿಯ ಸೋಲಲ್ಲ, ಗೈಡ್ ಇರುವುದೇ ಅದಕ್ಕೆ.

ಬಾಗಿಲು ತಟ್ಟಲು ಆಗದಿದ್ದರೆ ಈಮೇಲ್ ಕಳಿಸಿ. ಕ್ಷಮೆ ಕೇಳುತ್ತ ಮೂರು ಪ್ಯಾರಾ ಬರೆಯಬೇಡಿ. ಓದುವವರಿಗೆ ಅದಕ್ಕೆ ಏನು ಉತ್ತರ ಕೊಡಬೇಕೆಂದೇ ತೋಚುವುದಿಲ್ಲ, ಹಾಗಾಗಿ ಉತ್ತರ ಬರುವುದಿಲ್ಲ. ಹೀಗೆ ಬರೆಯಿರಿ:

'ನಮಸ್ತೆ ಸರ್. ಎರಡನೇ ಭಾಗದ ಪ್ರಯೋಗ ಕಳೆದ ಆರು ವಾರದಲ್ಲಿ ಮೂರು ಸಲ ಮಾಡಿದೆ, ಮೂರರಲ್ಲೂ ಬೇಸ್‌ಲೈನ್ ನಿಲ್ಲಲಿಲ್ಲ. ಗ್ರಾಫ್‌ಗಳನ್ನು ಇದರ ಜೊತೆ ಕಳಿಸಿದ್ದೇನೆ. ಬಫರ್ ಬದಲಿಸಿ ಇನ್ನೊಮ್ಮೆ ನೋಡುವುದೋ, ಈ ವಿಧಾನವನ್ನೇ ಬಿಡುವುದೋ ಎಂದು ತೀರ್ಮಾನಿಸಬೇಕಿದೆ. ಬಫರ್ ಬದಲಿಸುವುದು ಸರಿ ಎಂದು ನನಗನ್ನಿಸುತ್ತದೆ. ಮಂಗಳವಾರ ಅಥವಾ ಗುರುವಾರ ಇಪ್ಪತ್ತು ನಿಮಿಷ ಸಿಗಬಹುದೇ?'

ಇದರಲ್ಲಿ ಏನಾಗಿದೆ ಎಂಬುದಿದೆ, ಏನು ತೀರ್ಮಾನವಾಗಬೇಕು ಎಂಬುದಿದೆ, ನಿಮ್ಮ ಅಭಿಪ್ರಾಯವಿದೆ, ಎಷ್ಟು ಹೊತ್ತು ಬೇಕು ಎಂಬುದಿದೆ. ಬಿಡುವಿಲ್ಲದ ಗೈಡ್ ಕೂಡ ಫೋನಿನಲ್ಲೇ ಎರಡು ಸಾಲು ಉತ್ತರಿಸಬಲ್ಲರು. ಭೇಟಿಯಾದ ದಿನ ಹೊರಡುವ ಮುನ್ನ ಮುಂದಿನ ದಿನಾಂಕ ಕೇಳಿ. ಎರಡು ವಾರಕ್ಕೊಮ್ಮೆ, ಫಲಿತಾಂಶ ಇರಲಿ ಬಿಡಲಿ. ಆಮೇಲೆ ಏನು ಮಾತಾಯಿತು ಎಂಬುದನ್ನು ನಾಲ್ಕು ಸಾಲಿನಲ್ಲಿ ಅವರಿಗೇ ಕಳಿಸಿ. 'ನಾನು ಹಾಗೆ ಹೇಳಲೇ ಇಲ್ಲವಲ್ಲ' ಎಂಬ ಮಾತು ಮೂರು ತಿಂಗಳ ನಂತರ ಬಾರದಿರಲು ಇದೊಂದೇ ದಾರಿ.

ಕಾಯಿಲೆಯ ವಿಷಯ ಅವರಿಗೆ ಹೇಳಬೇಕೇ? ಕಡ್ಡಾಯವಿಲ್ಲ. 'ಆರೋಗ್ಯ ಸರಿಯಿರಲಿಲ್ಲ, ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ, ಕೆಲವು ವಾರ ಸಂಜೆ ಆರಕ್ಕೆ ಹೊರಡಬೇಕಾಗುತ್ತದೆ' ಎಂದರೆ ಸಾಕು. ಯಾವ ಕಾಯಿಲೆ ಎಂದು ಹೇಳುವುದು ಅವರ ಮೇಲೆ ನಿಮಗಿರುವ ನಂಬಿಕೆಗೆ ಬಿಟ್ಟದ್ದು.

ಇಲ್ಲಿ ಒಂದು ಗೆರೆ ಎಳೆಯಬೇಕು. ಮರೆಯುವ ಗೈಡ್ ಬೇರೆ, ಮುರಿಯುವ ಗೈಡ್ ಬೇರೆ. ಮೊದಲನೆಯವರಿಗೆ ಮೇಲಿನ ಈಮೇಲ್ ಸಾಕಾಗುತ್ತದೆ. ಎಲ್ಲರೆದುರು ಅವಮಾನಿಸುವವರು, ಚಿಕಿತ್ಸೆಗೆ ಹೋಗಲೂ ಬಿಡದವರು, ನಿಮ್ಮ ಕೆಲಸಕ್ಕೆ ಬೇರೆಯವರ ಹೆಸರು ಹಾಕುವವರು, ಮೈಮೇಲೆ ಬರುವವರು: ಇವರ ಮುಂದೆ ಒಳ್ಳೆಯ ಈಮೇಲ್ ಬರೆಯುವ ಕಲೆ ಏನೂ ಮಾಡಲಾರದು. ಆಗ ದಿನಾಂಕ ಹಾಕಿ ನಡೆದದ್ದನ್ನು ಬರೆದಿಡಿ, ಸಂಸ್ಥೆಯ ಇಮೇಲ್‌ನಲ್ಲಿ ಬೇಡ, ನಿಮ್ಮ ಸ್ವಂತದ್ದರಲ್ಲಿ. ಸಂಶೋಧನಾ ಸಲಹಾ ಸಮಿತಿಯ ಇನ್ನೊಬ್ಬ ಸದಸ್ಯರು, ವಿಭಾಗದ ಮುಖ್ಯಸ್ಥರು, ದೂರು ಸಮಿತಿ, ಇವರಲ್ಲಿ ಯಾರು ಕೇಳಿಸಿಕೊಳ್ಳುವವರು ಎಂದು ಹಿರಿಯ ವಿದ್ಯಾರ್ಥಿಗಳಿಗೆ ಗೊತ್ತಿರುತ್ತದೆ. ಗೈಡ್ ಬದಲಿಸುವುದಕ್ಕೆ ಹೆಚ್ಚಿನ ಕಡೆ ನಿಯಮದಲ್ಲೇ ಅವಕಾಶವಿರುತ್ತದೆ. ನಿಯಮದ ಪುಸ್ತಕ ತೆರೆದು ನೋಡುವವರು ಕಡಿಮೆ. ನಿಮ್ಮ ಪತ್ರದಲ್ಲಿ ಗೈಡ್ ಹೀಗೆಲ್ಲ ಮಾಡಿದರು ಎಂದು ಎಲ್ಲೂ ಇಲ್ಲ. ಹಾಗಾಗಿ ಸದ್ಯಕ್ಕೆ ಅವರು ಮೊದಲ ಬಗೆಯವರು ಎಂದುಕೊಂಡು ಹೊರಡೋಣ.

ಜೊತೆಗೆ ಸೇರಿದವಳ ಎರಡು ಪೇಪರ್. ನಿಮಗೆ ಅವಳ ಪೇಪರ್ ಕಾಣುತ್ತದೆ, ಅವಳ ಮೊದಲ ವರ್ಷದ ಕಸದ ಬುಟ್ಟಿ ಕಾಣುವುದಿಲ್ಲ. ಕೆಲವು ವಿಷಯಗಳಲ್ಲಿ ಮೂರು ತಿಂಗಳಿಗೆ ಪೇಪರ್ ಆಗುತ್ತದೆ, ಕೆಲವದರಲ್ಲಿ ಐದು ವರ್ಷಕ್ಕೆ ಒಂದು. 'ನಾನು ಇಲ್ಲಿರಲು ಅರ್ಹಳಲ್ಲ, ಯಾರಿಗೋ ಯಾವತ್ತೋ ಗೊತ್ತಾಗಿಬಿಡುತ್ತದೆ' ಎಂಬ ಭಯವನ್ನು ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲೇ ದಾಖಲಿಸಿದರು, ಅದೂ ಸಾಧಕಿಯರಲ್ಲಿ. ಈಗ 'ಇಂಪೋಸ್ಟರ್ ಸಿಂಡ್ರೋಮ್' ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ, ನನಗೆ ಅದರ ಬಗ್ಗೆ ಸ್ವಲ್ಪ ತಕರಾರಿದೆ. ಅದು ವೈದ್ಯಕೀಯ ರೋಗದ ಹೆಸರಲ್ಲ. ಎಷ್ಟೋ ಸಲ ನಿಜಕ್ಕೂ ಏನೋ ಒಂದು ಗೊತ್ತಿರುವುದಿಲ್ಲ: ಸಂಖ್ಯಾಶಾಸ್ತ್ರ, ಕೋಡಿಂಗ್, ಯಾವುದೋ ಉಪಕರಣ. ಅದಕ್ಕೆ ಮದ್ದು ಸಮಾಧಾನವಲ್ಲ, ಕಲಿಯುವುದು. ಆಕೆ ಸ್ನೇಹಿತೆಯೇ ಆಗಿದ್ದರೆ ನಿಮ್ಮ ಗ್ರಾಫ್ ಅವಳಿಗೇ ತೋರಿಸಿ. ಹೊರಗಿನ ಕಣ್ಣಿಗೆ ಹತ್ತು ನಿಮಿಷದಲ್ಲಿ ಕಾಣುವುದು ಐದು ತಿಂಗಳಿಂದ ಅದನ್ನೇ ನೋಡುತ್ತಿರುವ ಕಣ್ಣಿಗೆ ಕಾಣದಿರಬಹುದು.

ಕೊನೆಯ ಪ್ರಶ್ನೆ, ಬಿಟ್ಟುಬಿಡಲೇ ಎಂಬುದು. 2019ರಲ್ಲಿ 'ನೇಚರ್' ಪತ್ರಿಕೆ 6,300ಕ್ಕೂ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಸಮೀಕ್ಷೆ ಮಾಡಿದಾಗ ಶೇ. 36ರಷ್ಟು ಮಂದಿ ಓದಿನಿಂದಾದ ಆತಂಕ ಇಲ್ಲವೇ ಖಿನ್ನತೆಗೆ ನೆರವು ಕೋರಿದ್ದೆವು ಎಂದರು. ಅದೇ ಸಮೀಕ್ಷೆಯಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಪಿಎಚ್‌ಡಿಗೆ ಸೇರಿದ ತೀರ್ಮಾನದ ಬಗ್ಗೆ ತೃಪ್ತಿಯಿದೆ ಎಂದೂ ಹೇಳಿದರು. ಎರಡೂ ಒಟ್ಟಿಗೆ ನಿಜವಾಗಿರಬಹುದು. ಕಷ್ಟವಾಗುತ್ತಿದೆ ಎಂಬುದೊಂದರಿಂದಲೇ ಇದು ನನ್ನ ದಾರಿಯಲ್ಲ ಎಂದು ಗೊತ್ತಾಗುವುದಿಲ್ಲ. ಬಿಡುವುದು ಅವಮಾನ ಎಂದೂ ನಾನು ಹೇಳುವುದಿಲ್ಲ. ಬಿಟ್ಟು ಚೆನ್ನಾಗಿರುವವರನ್ನು ಕಂಡಿದ್ದೇನೆ, ಮುಗಿಸಿ ನರಳುತ್ತಿರುವವರನ್ನೂ ಕಂಡಿದ್ದೇನೆ. ಆದರೆ ಖಿನ್ನತೆಯಲ್ಲಿರುವಾಗ ಮುಂದಿನದೆಲ್ಲ ಮುಚ್ಚಿದ ಬಾಗಿಲಿನ ಹಾಗೇ ಕಾಣುತ್ತದೆ, ಆ ಕಣ್ಣಿನಿಂದ ಇಷ್ಟು ದೊಡ್ಡ ತೀರ್ಮಾನ ಮಾಡಬಾರದು. ಚಿಕಿತ್ಸೆ ಶುರುವಾಗಿ ಮೂರು ತಿಂಗಳಾದ ಮೇಲಿನ ಒಂದು ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಯವರೆಗೆ ಆ ಪ್ರಶ್ನೆ ರಾತ್ರಿ ಎದ್ದು ಬಂದರೆ, ನಿನ್ನ ಪಾಳಿ ಆವತ್ತು ಎಂದು ಹೇಳಿ. ಆವತ್ತು ಕೂತು ನೋಡಿ: ಪ್ರಯೋಗ ನಡೆದ ದಿನಗಳಲ್ಲಾದರೂ ಈ ಕೆಲಸ ಇಷ್ಟವಾಗುತ್ತದೆಯೇ? ಇದೇ ವಿಷಯವನ್ನು ಬೇರೆ ಗೈಡ್ ಕೈಕೆಳಗೆ ಮಾಡುವುದಾದರೆ ಮಾಡುತ್ತಿದ್ದೆನೇ? ಡಿಗ್ರಿ ಬೇಕಿರುವುದು ನಾನು ಮಾಡಬೇಕೆಂದಿರುವ ಕೆಲಸಕ್ಕೋ, ಇಷ್ಟು ವರ್ಷ ಕಳೆದುಬಿಟ್ಟೆನಲ್ಲ ಎಂಬ ಸಂಕಟಕ್ಕೋ?

ಅದಕ್ಕೂ ಮುಂಚೆ, ಉಳಿಯುವುದು ಮತ್ತು ಬಿಡುವುದರ ನಡುವೆ ಮೂರನೆಯ ದಾರಿಯೊಂದಿದೆ: ವೈದ್ಯಕೀಯ ಕಾರಣಕ್ಕೆ ಒಂದು ಸೆಮಿಸ್ಟರ್ ರಜೆ. ವೈದ್ಯರು ಬೇಕು ಎಂದರೆ ಹಿಂಜರಿಯಬೇಡಿ. ಅರ್ಜಿ ಕೊಡುವ ಮುನ್ನ ಕಚೇರಿಗೆ ಹೋಗಿ, ರಜೆಯ ಅವಧಿಯಲ್ಲಿ ಫೆಲೋಶಿಪ್ ಹಣ ಬರುತ್ತದೆಯೇ, ಹಾಸ್ಟೆಲ್ ಕೋಣೆ ಉಳಿಯುತ್ತದೆಯೇ, ಬೇರೆ ದೇಶದಲ್ಲಿದ್ದರೆ ವೀಸಾ ಏನಾಗುತ್ತದೆ, ಥೀಸಿಸ್ ಒಪ್ಪಿಸುವ ಗಡುವು ಅಷ್ಟೇ ಮುಂದಕ್ಕೆ ಹೋಗುತ್ತದೆಯೇ ಎಂದು ಕೇಳಿ. ಬಾಯಿಮಾತಿನ ಉತ್ತರಕ್ಕೆ ತಲೆಯಾಡಿಸಿ ಬರಬೇಡಿ, ಬರೆಸಿಕೊಂಡು ಬನ್ನಿ.